ಮೋವಾಬ್‌ಗೆ ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಯೂಟಾ ರಾಜ್ಯದ ಆಗ್ನೇಯ ಭಾಗದಲ್ಲಿ, ಕೊಲೊರಾಡೊ ನದಿಯ ಪಕ್ಕದ ಕಣಿವೆಯಲ್ಲಿರುವ ಸಣ್ಣ ಊರು ಮೋವಾಬ್. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಜನಸಂಖ್ಯೆ ಐದು ಸಾವಿರದ ಆಸುಪಾಸು. ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳಿಗೆ ಇದೇ ತಂಗುದಾಣ. ಏನೇನು ನೋಡಬೇಕು ಎಂಬ ಪಟ್ಟಿ ಎಲ್ಲರ ಬಳಿಯೂ ಇರುತ್ತದೆ. ಆದರೆ ಯಾವ ಹೊತ್ತಿಗೆ ಎಲ್ಲಿರಬೇಕು ಎಂದು ಯೋಚಿಸದೆ ಬಂದವರೇ ಇಲ್ಲಿ ಹೆಚ್ಚು ಕಷ್ಟಪಡುವುದು. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಅದನ್ನೇ ಕುರಿತವು.

ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಅಕ್ಟೋಬರ್ ಮೊದಲ ಆಯ್ಕೆ, ಏಪ್ರಿಲ್ ಎರಡನೆಯದು. ಅಕ್ಟೋಬರಿನಲ್ಲಿ ಹಗಲು ಹಿತವಾಗಿರುತ್ತದೆ, ಗಾಳಿ ಕಡಿಮೆ, ನದಿ ದಂಡೆಯ ಕಾಟನ್‌ವುಡ್ ಮರಗಳು ಹಳದಿಯಾಗಿರುತ್ತವೆ. ಏಪ್ರಿಲಿನಲ್ಲಿ ಹವೆ ಚೆನ್ನಾಗಿದ್ದರೂ ಕೆಲವು ದಿನ ಮರಳುಗಾಳಿ ಬೀಸುತ್ತದೆ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಕಾಟವಿದೆ. ಕೂದಲಂಚಿನಲ್ಲಿ, ಕಿವಿಯ ಹಿಂದೆ ಕಚ್ಚಿ ದಿನಗಟ್ಟಲೆ ತುರಿಕೆ ಬಿಟ್ಟುಹೋಗುತ್ತವೆ. ತಲೆಗೆ ಹಾಕುವ ಬಲೆ ಕೆಲವೇ ಡಾಲರಿಗೆ ಸಿಗುತ್ತದೆ, ಇಟ್ಟುಕೊಂಡಿರಿ.

ಜುಲೈನಲ್ಲಿ ಮಧ್ಯಾಹ್ನದ ಉಷ್ಣಾಂಶ 37–38 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಮಾಮೂಲು. ಬಿಸಿಲಿಗೆ ಕಾದ ಕಲ್ಲು ಸೂರ್ಯ ಮುಳುಗಿದ ಮೇಲೂ ಶಾಖ ಬಿಡುತ್ತಲೇ ಇರುತ್ತದೆ. ಜನವರಿಯಲ್ಲಿ ರಾತ್ರಿ ಶೂನ್ಯಕ್ಕಿಂತ ಸಾಕಷ್ಟು ಕೆಳಗೆ ಇಳಿಯುತ್ತದೆ, ಕೆಂಪು ಬಂಡೆಯ ಮೇಲೆ ಹಿಮ ಬಿದ್ದ ನೋಟ ಅಪೂರ್ವ, ಜನಸಂದಣಿಯೂ ಇರುವುದಿಲ್ಲ. ಆಗ ಬೂಟಿಗೆ ತೊಡಿಸುವ ಸಣ್ಣ ಮುಳ್ಳಿನ ಪಟ್ಟಿ ಬೇಕೇ ಬೇಕು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬರುವವರು ಒಂದು ವಿಷಯ ಗಮನಿಸಿ: ಆ ವಾರ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೇಸಿಗೆಯ ಲೆಕ್ಕದಲ್ಲಿ ಮಾಡಿದ ಯೋಜನೆಯ ಅರ್ಧವೂ ಅಂದು ಮುಗಿಯುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ವಾರವನ್ನು ಬಿಟ್ಟುಬಿಡಿ. 1967ರಿಂದ ನಡೆದುಬಂದ ಈಸ್ಟರ್ ಜೀಪ್ ಸಫಾರಿ ಆಗ ಇರುತ್ತದೆ. ಜೀಪ್ ಹುಚ್ಚಿರುವವರಿಗೆ ಅದು ಜಾತ್ರೆ, ಉಳಿದವರಿಗೆ ಹೋಟೆಲ್ ಕೋಣೆ ಸಿಗದ ವಾರ.

ತಲುಪುವುದು ಹೇಗೆ?

ಸಾಲ್ಟ್ ಲೇಕ್ ಸಿಟಿಯಿಂದ ಸುಮಾರು 235 ಮೈಲಿ (375 ಕಿ.ಮೀ.), ನಾಲ್ಕು ತಾಸಿನ ದಾರಿ. ಡೆನ್ವರ್‌ನಿಂದ 355 ಮೈಲಿ, ಐದೂವರೆಯಿಂದ ಆರು ತಾಸು. ಚಳಿಗಾಲದಲ್ಲಿ ರಾಕಿ ಪರ್ವತದ ಘಾಟಿಗಳಲ್ಲಿ ಹಿಮ ಬಿದ್ದರೆ ಇದಕ್ಕೆ ಲೆಕ್ಕವಿಲ್ಲ. ಹತ್ತಿರದ ದೊಡ್ಡ ವಿಮಾನ ನಿಲ್ದಾಣ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್, ಅಲ್ಲಿಂದ ಎರಡು ತಾಸಿನೊಳಗೆ ಬರಬಹುದು. ಊರಿನ ಉತ್ತರಕ್ಕೆ ಕ್ಯಾನಿಯನ್‌ಲ್ಯಾಂಡ್ಸ್ ಎಂಬ ಚಿಕ್ಕ ನಿಲ್ದಾಣವೂ ಇದೆ, ವಿಮಾನಗಳು ಕಡಿಮೆ. ಆಮ್‌ಟ್ರಾಕ್‌ನ ಕ್ಯಾಲಿಫೋರ್ನಿಯಾ ಜೆಫಿರ್ ರೈಲು ಗ್ರೀನ್ ರಿವರ್ ಎಂಬ ಊರಿನಲ್ಲಿ ನಿಲ್ಲುತ್ತದೆ, ಆದರೆ ಅಲ್ಲಿಂದ ಮುಂದಿನ 50 ಚಿಲ್ಲರೆ ಮೈಲಿಗೆ ವಾಹನವನ್ನು ನೀವೇ ಗೊತ್ತುಮಾಡಿಕೊಳ್ಳಬೇಕು. ಉದ್ಯಾನಗಳ ಒಳಗೆ ಬಸ್ ಇಲ್ಲ. ಕಾರಿಲ್ಲದೆ ಈ ಪ್ರವಾಸ ಕಷ್ಟ.

ಲಾಸ್ ವೇಗಸ್ ಕಡೆಯಿಂದ ಬರುವವರು ಐ–70 ಹೆದ್ದಾರಿಯಲ್ಲಿ ಸಲೈನಾ ಊರು ಬಿಡುವ ಮೊದಲು ಪೆಟ್ರೋಲ್ ತುಂಬಿಸಿ. ಅಲ್ಲಿಂದ ಗ್ರೀನ್ ರಿವರ್‌ವರೆಗೆ 100 ಮೈಲಿಗೂ ಮೀರಿ ಬಂಕ್ ಇಲ್ಲ, ಅಂಗಡಿ ಇಲ್ಲ.

ಎಷ್ಟು ದಿನ ಸಾಕು?

ಮೂರು ಪೂರ್ತಿ ದಿನ ಇಟ್ಟುಕೊಳ್ಳಿ. ಒಂದು ಆರ್ಚಸ್‌ಗೆ, ಒಂದು ಕ್ಯಾನಿಯನ್‌ಲ್ಯಾಂಡ್ಸ್‌ನ ಐಲ್ಯಾಂಡ್ ಇನ್ ದ ಸ್ಕೈ ಭಾಗಕ್ಕೆ ಮತ್ತು ಡೆಡ್ ಹಾರ್ಸ್ ಪಾಯಿಂಟ್‌ಗೆ, ಮೂರನೆಯದು ನದಿಗೋ ಸೈಕಲ್ಲಿಗೋ ಜೀಪಿಗೋ. ಎರಡೇ ದಿನವಿದ್ದರೆ ಸಾಹಸ ಕೈಬಿಟ್ಟು ಉದ್ಯಾನಗಳನ್ನು ಸಮಾಧಾನವಾಗಿ ನೋಡಿ. ಕ್ಯಾನಿಯನ್‌ಲ್ಯಾಂಡ್ಸ್‌ನ ನೀಡಲ್ಸ್ ಭಾಗಕ್ಕೆ ಮೋವಾಬ್‌ನಿಂದ 75 ಮೈಲಿ. ಐಲ್ಯಾಂಡ್‌ನಿಂದ ನೀಡಲ್ಸ್‌ಗೆ ಉದ್ಯಾನದ ಒಳಗಿಂದ ರಸ್ತೆಯಿಲ್ಲ, ನಡುವೆ ನದಿ ಕೊರೆದ ಕಮರಿ ಇದೆ. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಎಂದು ನಕ್ಷೆ ನೋಡಿ ತೀರ್ಮಾನಿಸಬೇಡಿ.

ದಿನವನ್ನು ಮೂರು ಪಾಲು ಮಾಡಿ. ನಸುಕಿನಿಂದ ಬೆಳಗಿನ ಹತ್ತರವರೆಗೆ ನಡಿಗೆ. ಹನ್ನೊಂದರಿಂದ ನಾಲ್ಕರವರೆಗೆ ಊಟ, ವಿಶ್ರಾಂತಿ, ಕಾರಿನಿಂದಲೇ ನೋಡುವ ಜಾಗಗಳು, ಇಲ್ಲವೇ ನದಿ. ನಾಲ್ಕರ ನಂತರ ಮತ್ತೆ ನಡಿಗೆ. ಕ್ಯಾನಿಯನ್‌ಲ್ಯಾಂಡ್ಸ್‌ನ ಮೇಸಾ ಆರ್ಚ್ ಸೂರ್ಯೋದಯಕ್ಕೆ, ಆರ್ಚಸ್‌ನ ಡೆಲಿಕೇಟ್ ಆರ್ಚ್ ಸೂರ್ಯಾಸ್ತಕ್ಕೆ. ಸೂರ್ಯ ಹುಟ್ಟುವಾಗ ಮೇಸಾ ಆರ್ಚ್‌ನ ಕೆಳಮೈ ಕೆಂಡದ ಬಣ್ಣಕ್ಕೆ ತಿರುಗುತ್ತದೆ, ಎಂಟು ಗಂಟೆಗೆ ಹೋದರೆ ಆ ಬೆಳಕು ಇರುವುದಿಲ್ಲ.

ಟಿಕೆಟ್, ಪಾಸ್, ಮುಂಗಡ ಕಾಯ್ದಿರಿಸುವಿಕೆ ಹೇಗೆ?

ಆರ್ಚಸ್‌ಗೆ ಕಾರೊಂದಕ್ಕೆ 30 ಡಾಲರ್, ಕ್ಯಾನಿಯನ್‌ಲ್ಯಾಂಡ್ಸ್‌ಗೂ ಅಷ್ಟೇ. ಎರಡೂ ಏಳು ದಿನ ನಡೆಯುತ್ತವೆ. ಇವೆರಡರ ಜೊತೆ ಹೋವನ್‌ವೀಪ್ ಮತ್ತು ನ್ಯಾಚುರಲ್ ಬ್ರಿಡ್ಜಸ್ ಎಂಬ ರಾಷ್ಟ್ರೀಯ ಸ್ಮಾರಕಗಳನ್ನೂ ಸೇರಿಸಿ 55 ಡಾಲರಿನ ವಾರ್ಷಿಕ ಪಾಸ್ ಇದೆ. ದೇಶದ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ನಡೆಯುವ ‘ಅಮೆರಿಕ ದ ಬ್ಯೂಟಿಫುಲ್’ ಪಾಸಿಗೆ 2026ರಿಂದ ಎರಡು ದರ: ಅಮೆರಿಕದಲ್ಲಿ ನೆಲೆಸಿರುವವರಿಗೆ 80 ಡಾಲರ್, ಹೊರದೇಶದವರಿಗೆ 250. ನೆಲೆಸಿರುವುದಕ್ಕೆ ಸರ್ಕಾರ ಕೊಟ್ಟ ಗುರುತಿನ ಚೀಟಿ ತೋರಿಸಬೇಕು. ಭಾರತದಿಂದ ಬಂದ ಅಪ್ಪ–ಅಮ್ಮನ ಹೆಸರಿನಲ್ಲಿ ಪಾಸ್ ತೆಗೆಯುವ ಬದಲು, ಇಲ್ಲಿ ನೆಲೆಸಿರುವ ಮಗನೋ ಮಗಳೋ ತಮ್ಮ ಹೆಸರಿನಲ್ಲಿ ತೆಗೆಯುವುದು ಲೇಸು.

ಡೆಡ್ ಹಾರ್ಸ್ ಪಾಯಿಂಟ್ ಯೂಟಾ ರಾಜ್ಯದ ಉದ್ಯಾನ. ಮೇಲಿನ ಯಾವ ಪಾಸೂ ಅಲ್ಲಿ ನಡೆಯುವುದಿಲ್ಲ, ಬೇರೆ ಶುಲ್ಕ ಕೊಡಬೇಕು. ಕೊಡಿ. ನದಿ 2,000 ಅಡಿ ಕೆಳಗೆ ಕುತ್ತಿಗೆ ತಿರುಗಿಸಿದಂತೆ ಬಳಸಿ ಹೋಗುವ ಆ ನೋಟಕ್ಕೆ ಕಾರಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಸಾಕು.

2022ರಿಂದ ಕೆಲವು ವರ್ಷ ಆರ್ಚಸ್‌ನಲ್ಲಿ ಸೀಸನ್ ಹೊತ್ತು ಪ್ರವೇಶದ ವೇಳೆಯನ್ನು ಮುಂಗಡವಾಗಿ ಕಾಯ್ದಿರಿಸಬೇಕಿತ್ತು. ಈ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹೊರಡುವ ಮೊದಲು ಉದ್ಯಾನದ ಅಧಿಕೃತ ತಾಣದಲ್ಲಿ ಆ ವರ್ಷದ ನಿಯಮ ನೋಡಿ. ಕಾಯ್ದಿರಿಸುವಿಕೆ ಇಲ್ಲದ ವರ್ಷದಲ್ಲೂ ಬೆಳಿಗ್ಗೆ ಏಳರೊಳಗೆ ಗೇಟು ದಾಟುವುದು ಕ್ಷೇಮ. ಒಳಗಿನ ಪಾರ್ಕಿಂಗ್ ತುಂಬಿದರೆ ಗೇಟನ್ನೇ ತಾಸುಗಟ್ಟಲೆ ಮುಚ್ಚಿದ್ದುಂಟು.

ಡೆಲಿಕೇಟ್ ಆರ್ಚ್ ಹತ್ತುವುದು ಎಷ್ಟು ಕಷ್ಟ?

ಹೋಗಿ ಬರಲು 3 ಮೈಲಿ (4.8 ಕಿ.ಮೀ.), ಏರು 480 ಅಡಿ (146 ಮೀಟರ್). ಎರಡರಿಂದ ಮೂರು ತಾಸು ಹಿಡಿಯುತ್ತದೆ. ಅಂಕಿ ಕೇಳಲು ಸಣ್ಣದು, ಆದರೆ ದಾರಿಯುದ್ದಕ್ಕೂ ನೆರಳಿಲ್ಲ.

ಶುರುವಾಗುವುದು ವುಲ್ಫ್ ರ‍್ಯಾಂಚ್ ಪಾರ್ಕಿಂಗ್‌ನಿಂದ. ಮೊದಲ ಅರ್ಧ ಮೈಲಿ ಅಗಲವಾದ ಮಣ್ಣಿನ ಹಾದಿ. ಇಲ್ಲಿನ ಮೂಲನಿವಾಸಿಗಳಾದ ಯೂಟ್ ಜನರು ಬಂಡೆಯಲ್ಲಿ ಕೆತ್ತಿದ ಕುದುರೆ ಸವಾರರ ಚಿತ್ರಗಳು ಇಲ್ಲೇ ಪಕ್ಕದಲ್ಲಿವೆ, ಹೆಚ್ಚಿನವರು ಅವಸರದಲ್ಲಿ ದಾಟಿಹೋಗುತ್ತಾರೆ. ನಂತರ ಇಳಿಜಾರಾದ ಬೋಳು ಬಂಡೆ ಎದುರಾಗುತ್ತದೆ, ಇಲ್ಲಿ ಹಾದಿಯೇ ಇಲ್ಲ. ಕಲ್ಲಿನ ಮೇಲೆ ಕಲ್ಲು ಪೇರಿಸಿದ ಸಣ್ಣ ಗುಡ್ಡೆಗಳನ್ನು ನೋಡಿಕೊಂಡು ಏರಬೇಕು. ಸುಸ್ತಾಗುವುದು ಇಲ್ಲೇ. ಕೊನೆಯ 200 ಗಜ ಬಂಡೆಯ ಮಗ್ಗುಲಲ್ಲಿ ಕಡಿದ ದಾರಿ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಇಳಿಜಾರು. ಅಗಲ ಸಾಕಷ್ಟಿದೆ, ಎತ್ತರಕ್ಕೆ ಹೆದರುವವರು ಗೋಡೆಯ ಕಡೆ ನಡೆಯಲಿ, ಮಕ್ಕಳ ಕೈ ಬಿಡಬೇಡಿ. ಗೋಡೆ ಮುಗಿದು ತಿರುಗಿದ ಕೂಡಲೇ ಕಮಾನು ಎದುರಿಗೆ ನಿಂತಿರುತ್ತದೆ. ಅಲ್ಲಿಯವರೆಗೆ ಅದರ ಸುಳಿವೂ ಇರುವುದಿಲ್ಲ.

ಬೂಟಿನ ರಬ್ಬರ್ ಒಣ ಬಂಡೆಯನ್ನು ಚೆನ್ನಾಗಿ ಹಿಡಿಯುತ್ತದೆ. ಅದೇ ಕಲ್ಲಿನ ಮೇಲೆ ಸಡಿಲ ಮರಳು ಅಥವಾ ಹಿಮದ ತೆಳು ಪದರವಿದ್ದರೆ ಜಾರುತ್ತದೆ. ಇಂಥ ಬಂಡೆಯನ್ನು ಹತ್ತುವುದು ಸುಲಭ, ಇಳಿಯುವುದು ಕಷ್ಟ. ಫೋಟೊಗೆಂದು ದಾರಿ ಬಿಟ್ಟು ಮೇಲೇರಿದವರು ಇಳಿಯಲಾಗದೆ ಸಿಕ್ಕಿಕೊಳ್ಳುವುದು ಇದರಿಂದಲೇ. ಸೂರ್ಯಾಸ್ತ ನೋಡಿ ಬರುವವರು ಫೋನಿನ ಬೆಳಕನ್ನು ನಂಬದೆ ತಲೆಗೆ ಕಟ್ಟುವ ದೀಪ ಒಯ್ಯಿರಿ. ಕತ್ತಲಲ್ಲಿ ಕಲ್ಲುಗುಡ್ಡೆಗಳು ಕಾಣುವುದಿಲ್ಲ.

ಅಪ್ಪ–ಅಮ್ಮನಿಗೆ ಮಂಡಿನೋವು, ಜೊತೆಗೆ ಚಿಕ್ಕ ಮಕ್ಕಳು. ಏನು ನೋಡಬಹುದು?

ಬಹಳಷ್ಟು. ಆರ್ಚಸ್‌ನ ಡಾಂಬರು ರಸ್ತೆ 18 ಮೈಲಿ ಉದ್ದವಿದೆ, ಮುಖ್ಯವಾದವು ಹಲವು ಕಾರಿನಿಂದಲೇ ಕಾಣುತ್ತವೆ. ಬ್ಯಾಲೆನ್ಸ್ಡ್ ರಾಕ್ ಸುತ್ತಿನ ನಡಿಗೆ 0.3 ಮೈಲಿ. ಡಬಲ್ ಆರ್ಚ್‌ಗೆ ಹೋಗಿ ಬರಲು 0.6 ಮೈಲಿ, ಹೆಚ್ಚೂಕಡಿಮೆ ಸಮತಟ್ಟು. ಡೆಲಿಕೇಟ್ ಆರ್ಚ್ ಹತ್ತಲಾಗದವರಿಗೆ ಲೋವರ್ ವ್ಯೂಪಾಯಿಂಟ್ ಇದೆ, ಪಾರ್ಕಿಂಗ್‌ನಿಂದ ಗಾಲಿಕುರ್ಚಿಯೂ ಹೋಗುವ ಚಿಕ್ಕ ದಾರಿ. ಕಮಾನು ಅಲ್ಲಿಂದ ಸಣ್ಣದಾಗಿ ಕಾಣುತ್ತದೆ, ಬೈನಾಕ್ಯುಲರ್ ಇಟ್ಟುಕೊಳ್ಳಿ. ಮಕ್ಕಳಿಗೆ ಸ್ಯಾಂಡ್ ಡ್ಯೂನ್ ಆರ್ಚ್: ಎರಡು ಬಂಡೆಗಳ ನಡುವೆ ನೆರಳು, ಕಾಲಡಿ ಮೆತ್ತನೆ ಮರಳು. ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟ.

ಫೈಯರಿ ಫರ್ನೆಸ್ ಎಂಬ ಕಿರುಗಲ್ಲಿಗಳ ಜಟಿಲ ಭಾಗಕ್ಕೆ ಪರವಾನಗಿ ಇಲ್ಲವೇ ರೇಂಜರ್ ಜೊತೆಗಿನ ನಡಿಗೆಯ ಟಿಕೆಟ್ ಬೇಕು, ಐದು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.

ಭಾರತದಿಂದ ಬಂದ ಹಿರಿಯರಿಗೆ ಇಲ್ಲಿ ಬೆವರು ಕಾಣಿಸುವುದೇ ಇಲ್ಲ, ಒಣಗಾಳಿ ಬಂದಂತೆಯೇ ಆರಿಸಿಬಿಡುತ್ತದೆ. ‘ಬಾಯಾರಿಕೆ ಇಲ್ಲಪ್ಪ’ ಎಂದರೂ ಅರ್ಧ ತಾಸಿಗೊಮ್ಮೆ ಕುಡಿಸಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ.

ನೀರು ಎಷ್ಟು ಒಯ್ಯಬೇಕು?

ಹೊರಗೆ ಇಡೀ ದಿನ ಕಳೆಯುವ ಒಬ್ಬರಿಗೆ 1 ಗ್ಯಾಲನ್, ಅಂದರೆ ಸುಮಾರು 4 ಲೀಟರ್. ಡೆಲಿಕೇಟ್ ಆರ್ಚ್ ಒಂದಕ್ಕೇ ಕನಿಷ್ಠ 2 ಲೀಟರ್. ಆರ್ಚಸ್‌ನಲ್ಲಿ ವಿಸಿಟರ್ ಸೆಂಟರ್ ಮತ್ತು ಡೆವಿಲ್ಸ್ ಗಾರ್ಡನ್ ಬಳಿ ನಲ್ಲಿ ಇದೆ, ಮಿಕ್ಕೆಡೆ ಇಲ್ಲ. ಐಲ್ಯಾಂಡ್ ಇನ್ ದ ಸ್ಕೈಗೆ ಊರಿನಿಂದಲೇ ತುಂಬಿಸಿಕೊಂಡು ಹೋಗಿ. ಅಲ್ಲಿ ಊಟದ ಅಂಗಡಿಯಾಗಲಿ ಪೆಟ್ರೋಲಾಗಲಿ ಸಿಗುವುದಿಲ್ಲ.

ಬರೀ ನೀರು ಸಾಲದು. ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇರುವಾಗ ನೀರನ್ನಷ್ಟೇ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ನೋಡುವವರಿಗೆ ಅದು ನೀರಿನ ಕೊರತೆಯಂತೆಯೇ ಕಂಡು, ಇನ್ನಷ್ಟು ನೀರು ಕುಡಿಸಿ ಕೆಡಿಸುತ್ತಾರೆ. ಚಕ್ಕುಲಿ, ಖಾರದ ಅವಲಕ್ಕಿ, ಉಪ್ಪು ಹಾಕಿದ ಕಡಲೆಕಾಯಿ, ಓಆರ್‌ಎಸ್ ಪೊಟ್ಟಣ ಚೀಲದಲ್ಲಿರಲಿ. ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ಸರಿಸಿ ಬಟ್ಟೆ ನೆನೆಸಿ ಗಾಳಿ ಹಾಕಿ, 911ಕ್ಕೆ ಕರೆ ಮಾಡಿ. ಉದ್ಯಾನಗಳ ಹೆಚ್ಚಿನ ಭಾಗದಲ್ಲಿ ಫೋನ್ ಸಿಗ್ನಲ್ ಇಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ, ಎಷ್ಟು ಗಂಟೆಗೆ ಹಿಂದಿರುಗುತ್ತೀರಿ ಎಂದು ಯಾರಿಗಾದರೂ ಹೇಳಿರಿ.

ಬಾಡಿಗೆ ಎಸ್‌ಯುವಿಯಲ್ಲಿ ಶೇಫರ್ ಟ್ರೇಲ್ ಎಂಬ ಕಡಿದಾದ ಮಣ್ಣಿನ ರಸ್ತೆ ಇಳಿಯಬಹುದೇ?

ಬೇಡ. ವಿಮಾನ ನಿಲ್ದಾಣದಲ್ಲಿ ಸಿಗುವ ಬಾಡಿಗೆ ಕಾರುಗಳ ಕರಾರಿನಲ್ಲಿ ಸಾಮಾನ್ಯವಾಗಿ ಡಾಂಬರಿಲ್ಲದ ರಸ್ತೆಗೆ ಅನುಮತಿ ಇರುವುದಿಲ್ಲ. ಅಲ್ಲಿ ಕೆಟ್ಟು ನಿಂತರೆ ವಿಮೆ ಕೈಕೊಡುತ್ತದೆ, ಎಳೆದು ತರುವ ಖರ್ಚು ಸಾವಿರ ಡಾಲರ್ ದಾಟಬಹುದು. ಆಲ್-ವೀಲ್-ಡ್ರೈವ್ ಎಂದು ಬರೆದಿದ್ದರೂ ಸಾಲದು. ಇಂಥ ಇಳಿಜಾರಿಗೆ ಗಾಡಿಯನ್ನು ನಿಧಾನಕ್ಕೆ ಹಿಡಿದಿಡುವ ಲೋ-ರೇಂಜ್ ಗೇರ್ ಬೇಕು, ಇಲ್ಲದಿದ್ದರೆ ಇಡೀ ಇಳಿತ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾದು ಹಿಡಿತ ಬಿಡುತ್ತದೆ.

ಮೋವಾಬ್ ಊರಿನಲ್ಲೇ ಜೀಪ್ ಬಾಡಿಗೆಗೆ ಸಿಗುತ್ತದೆ. ಯಾವ ಯಾವ ದಾರಿಗೆ ಅನುಮತಿ ಎಂದು ಬರವಣಿಗೆಯಲ್ಲಿ ಪಡೆಯಿರಿ. ಮೊದಲ ಸಲದವರು ಚಾಲಕನಿರುವ ಪ್ರವಾಸವನ್ನೇ ತೆಗೆದುಕೊಳ್ಳುವುದು ಜಾಣತನ; ಹೆಲ್ಸ್ ರಿವೆಂಜ್‌ನಂಥ ದಾರಿಯಲ್ಲಿ ಬಂಡೆಯ ಬೆನ್ನಿನ ಮೇಲೆ ಎರಡೂ ಕಡೆ ಇಳಿಜಾರು ಇರುವಾಗ ಎದುರಿಗೆ ಆಕಾಶ ಬಿಟ್ಟರೆ ಬೇರೇನೂ ಕಾಣದು. ಸ್ವಂತ ವಾಹನದವರು ಟೈರಿನ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸುತ್ತಾರೆ. ಟೈರು ಹರಡಿ ಕಲ್ಲನ್ನು ಹಿಡಿಯುತ್ತದೆ, ಮರಳಿನಲ್ಲಿ ಹೂಳುವುದೂ ಕಡಿಮೆ. ಮತ್ತೆ ತುಂಬಲು ಕಂಪ್ರೆಸರ್ ಬೇಕು, ಅದಿಲ್ಲದೆ ಹೆದ್ದಾರಿಗೆ ಬರಬೇಡಿ. ಎಟಿವಿ, ಯುಟಿವಿ ಎಂಬ ಕಚ್ಚಾದಾರಿಯ ಸಣ್ಣ ವಾಹನಗಳನ್ನು ಓಡಿಸುವವರು ಯೂಟಾ ರಾಜ್ಯದ ಉಚಿತ ಆನ್‌ಲೈನ್ ಸುರಕ್ಷತಾ ಪಾಠ ಮುಗಿಸಿರಬೇಕು. ರಾಷ್ಟ್ರೀಯ ಉದ್ಯಾನಗಳ ಒಳಗೆ ಅವುಗಳಿಗೆ ಪ್ರವೇಶವಿಲ್ಲ.

ಕ್ಯಾನಿಯನ್‌ಲ್ಯಾಂಡ್ಸ್‌ನ 100 ಮೈಲಿಯ ವೈಟ್ ರಿಮ್ ಎಂಬ ಮಣ್ಣಿನ ರಸ್ತೆಗೆ ಒಂದೇ ದಿನದಲ್ಲಿ ಸುತ್ತಿ ಬಂದರೂ ಪರವಾನಗಿ ಕಡ್ಡಾಯ.

ಬೆಟ್ಟದ ಸೈಕಲ್ ಓಡಿಸಲು ಎಲ್ಲಿಂದ ಶುರು ಮಾಡಬೇಕು?

ಹೆಸರು ಕೇಳಿ ನೇರ ಸ್ಲಿಕ್‌ರಾಕ್ ಟ್ರೇಲಿಗೆ ಹೋಗಬೇಡಿ. ಸ್ಯಾಂಡ್ ಫ್ಲ್ಯಾಟ್ಸ್‌ನಲ್ಲಿರುವ ಅದನ್ನು 1969ರಲ್ಲಿ ಮೋಟಾರ್‌ಸೈಕಲ್‌ಗಳಿಗೆಂದು ಗುರುತಿಸಿದ್ದು. ಬಂಡೆಯ ಮೇಲೆ ಬಳಿದ ಬಿಳಿ ಗೆರೆಗಳೇ ದಾರಿ. ಕಡಿದಾದ ಏರಿಳಿತಗಳು ಒಂದರ ಹಿಂದೊಂದು ಬರುತ್ತವೆ, ಉಸಿರಾಡಲು ಬಿಡುವುದಿಲ್ಲ. ಅಲ್ಲೇ ಇರುವ ಸಣ್ಣ ಅಭ್ಯಾಸದ ಸುತ್ತು ಕೂಡ ಕಷ್ಟದ್ದೇ. ಹೊಸಬರಿಗೆ ಊರಿನ ಉತ್ತರದ ಮೋವಾಬ್ ಬ್ರ್ಯಾಂಡ್ಸ್ ಸರಿ. ಪಳಗಿದವರಿಗೆ ಹೋಲ್ ಎಂಚಿಲಾಡಾ: ಲಾ ಸಾಲ್ ಪರ್ವತದಿಂದ ಕೊಲೊರಾಡೊ ನದಿಯವರೆಗೆ 2,000 ಮೀಟರಿಗೂ ಮೀರಿದ ಇಳಿತ. ಮೇಲಿನ ಬರ್ರೊ ಪಾಸ್‌ನ ಹಿಮ ಕರಗಿ ದಾರಿ ತೆರೆಯುವುದು ಸಾಮಾನ್ಯವಾಗಿ ಜುಲೈ ಹೊತ್ತಿಗೆ.

ಇಲ್ಲಿ ಗೋಟ್‌ಹೆಡ್ ಎಂಬ ನೆಗ್ಗಿಲಮುಳ್ಳಿನ ಕಾಟ ಹೆಚ್ಚು. ಟ್ಯೂಬ್‌ಲೆಸ್ ಟೈರಿನಲ್ಲಿ ತೂತು ಮುಚ್ಚುವ ದ್ರವ (ಸೀಲೆಂಟ್) ಇದೆಯೇ ಎಂದು ಹೊರಡುವ ಮೊದಲು ಅಲುಗಿಸಿ ನೋಡಿ.

ರಾಫ್ಟಿಂಗ್‌ಗೆ ಈಜು ಬರಬೇಕೇ?

ಕೊಲೊರಾಡೊ ನದಿಯ ಫಿಷರ್ ಟವರ್ಸ್ ಭಾಗಕ್ಕೆ ಬೇಕಿಲ್ಲ, ಲೈಫ್ ಜಾಕೆಟ್ ಹಾಕಿಯೇ ಕೂರಿಸುತ್ತಾರೆ. ಅರ್ಧ ದಿನದ ಪಯಣ, ಅಲೆಗಳು ಸಣ್ಣವು. ಪರ್ವತದ ಹಿಮ ಕರಗುವ ಮೇ–ಜೂನ್‌ನಲ್ಲಿ ನೀರು ಹೆಚ್ಚು ಮತ್ತು ಕೊರೆಯುವಷ್ಟು ತಣ್ಣಗೆ. ಆಗಸ್ಟಿನಲ್ಲಿ ಕಡಿಮೆ ಮತ್ತು ಬೆಚ್ಚಗೆ. ಇದೇ ನದಿಯ ಕ್ಯಾಟರಾಕ್ಟ್ ಕ್ಯಾನಿಯನ್ ಭಾಗ ಬೇರೆಯದೇ ಮಟ್ಟದ್ದು, ನೆರೆಯ ಹೊತ್ತಿನಲ್ಲಿ ಅನುಭವಿಗಳಿಗೆ ಮಾತ್ರ.

ಬಾದಾಮಿಯಲ್ಲಿ ಬಂಡೆ ಹತ್ತಿ ಅಭ್ಯಾಸವಿದೆ. ಇಲ್ಲೂ ಹಾಗೆಯೇ ಹತ್ತಬಹುದೇ?

ಎರಡೂ ಕೆಂಪು ಮರಳುಗಲ್ಲೇ, ಆದರೆ ಗುಣ ಬೇರೆ. ಬಾದಾಮಿಯ ಕಲ್ಲು ಬಹಳ ಹಳೆಯದು, ಗಟ್ಟಿ. ಮೋವಾಬ್‌ನ ಮರಳುಗಲ್ಲು ಮೃದು, ಮಳೆ ಕುಡಿದಾಗ ಅದರ ಬಲ ಗಣನೀಯವಾಗಿ ಕುಗ್ಗುತ್ತದೆ. ಒದ್ದೆ ಕಲ್ಲಿನಲ್ಲಿ ಹಿಡಿಕೆ ಕಿತ್ತು ಬರುತ್ತದೆ, ಹಗ್ಗಕ್ಕೆಂದು ಬಂಡೆಗೆ ಕೂರಿಸಿದ ಬೋಲ್ಟ್ ಕೂಡ. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವವಿರುತ್ತದೆ. ಮಳೆಯ ನಂತರ ಒಂದರಿಂದ ಮೂರು ದಿನ ಕಾಯಿರಿ. ಬಂಡೆಯ ಬುಡದ ಮಣ್ಣನ್ನು ಒಂದು ಗೇಣು ಕೆದಕಿ ನೋಡಿ, ತೇವ ತಾಗಿದರೆ ಅಂದು ಹತ್ತಬೇಡಿ. ಶುರು ಮಾಡಲು ಪೊಟ್ಯಾಶ್ ರಸ್ತೆಯ ವಾಲ್ ಸ್ಟ್ರೀಟ್ ಅನುಕೂಲ, ಕಾರಿಳಿದ ಕಡೆಯೇ ಗೋಡೆ.

ಮರುಭೂಮಿಯಲ್ಲಿ ಪ್ರವಾಹದ ಭಯವೇ?

ಹೌದು, ಮುಖ್ಯವಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಬೋಳು ಬಂಡೆ ನೀರು ಕುಡಿಯದು, ಬಿದ್ದದ್ದೆಲ್ಲ ಹಳ್ಳಕ್ಕೆ ಇಳಿಯುತ್ತದೆ. ಮೈಲಿಗಟ್ಟಲೆ ದೂರದಲ್ಲಿ ಸುರಿದ ಮಳೆ ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಬಂದುಬಿಡಬಹುದು. 2022ರ ಆಗಸ್ಟ್ 20ರಂದು ಊರಿನ ಮುಖ್ಯ ರಸ್ತೆಗೇ ಕೆಸರುನೀರು ನುಗ್ಗಿತ್ತು. ಹಳ್ಳದಲ್ಲಿ ನಡೆಯುವಾಗ ತಿಳಿನೀರು ಕೆಸರಾದರೆ, ಕಡ್ಡಿಕಸ ತೇಲಿ ಬಂದರೆ, ದೂರದಲ್ಲಿ ಮೊರೆತ ಕೇಳಿದರೆ ಚೀಲ ಬಿಟ್ಟಾದರೂ ಮೇಲಕ್ಕೆ ಏರಿ. ಹರಿಯುವ ಹಳ್ಳಕ್ಕೆ ಕಾರು ಇಳಿಸಬೇಡಿ, ನೀರು ಸಾಮಾನ್ಯವಾಗಿ ಕೆಲವು ತಾಸಿನಲ್ಲಿ ತಾನೇ ಇಳಿಯುತ್ತದೆ. ಮಳೆಯ ನಂತರ ಜೇಡಿಮಣ್ಣಿನ ರಸ್ತೆಗಳು ಸಾಬೂನಿನಷ್ಟು ಜಾರುತ್ತವೆ, ಫೋರ್-ವೀಲ್ ಡ್ರೈವ್ ಇದ್ದರೂ ನಿಲ್ಲುವುದಿಲ್ಲ.

ದಾರಿ ಬಿಟ್ಟು ಮಣ್ಣಿನ ಮೇಲೆ ಕಾಲಿಟ್ಟರೆ ಏನಾಗುತ್ತದೆ?

ಬಗ್ಗಿ ನೋಡಿ. ಪೊದೆಗಳ ನಡುವಿನ ಮಣ್ಣು ಕಪ್ಪಗೆ, ಉಬ್ಬುತಗ್ಗಾಗಿ, ಹೆಪ್ಪುಗಟ್ಟಿದಂತೆ ಕಾಣುತ್ತದೆ. ಅದು ಜೀವವಿರುವ ಪದರ. ಸಯನೊಬ್ಯಾಕ್ಟೀರಿಯಾಗಳು ಒದ್ದೆಯಾದಾಗ ಮರಳಿನ ನಡುವೆ ಸರಿದಾಡಿ ಅಂಟು ಎಳೆಗಳನ್ನು ಬಿಟ್ಟು ಹೋಗುತ್ತವೆ. ಆ ಎಳೆಗಳು ಮರಳುಕಣಗಳನ್ನು ಕಟ್ಟಿ ಹಿಡಿಯುತ್ತವೆ; ಮೇಲೆ ಕಲ್ಲುಹೂವು, ಹಾವಸೆ ಬೆಳೆಯುತ್ತವೆ. ಗಾಳಿಯಲ್ಲಿನ ಸಾರಜನಕವನ್ನು ಗಿಡಗಳಿಗೆ ದೊರಕಿಸುವುದು, ಮಳೆನೀರು ಹಿಡಿಯುವುದು, ಮರಳು ಹಾರದಂತೆ ತಡೆಯುವುದು ಎಲ್ಲ ಇದರ ಕೆಲಸ. ಒಂದು ಹೆಜ್ಜೆಗೆ ಪುಡಿಯಾದ ಪದರ ಮತ್ತೆ ಬಲಿಯಲು ದಶಕಗಳೇ ಬೇಕು. ಒಬ್ಬರು ಫೋಟೊಗೆಂದು ಇಟ್ಟ ಹೆಜ್ಜೆಯ ಗುರುತು ನೋಡಿ ಮುಂದಿನವರೂ ಅದನ್ನೇ ದಾರಿ ಎಂದುಕೊಳ್ಳುತ್ತಾರೆ. ಬರೀ ಬಂಡೆಯ ಮೇಲೆ, ಗುರುತಿಸಿದ ದಾರಿಯಲ್ಲಿ ಅಥವಾ ಒಣಹಳ್ಳದ ಮರಳಿನಲ್ಲಿ ನಡೆಯಿರಿ. ಮಕ್ಕಳಿಗೆ ಇದನ್ನು ಮೊದಲ ದಿನವೇ ತೋರಿಸಿ, ಅವರೇ ದೊಡ್ಡವರನ್ನು ಎಚ್ಚರಿಸುತ್ತಾರೆ.

ಕಲ್ಲು ಕೆಂಪಗಿರುವುದೇಕೆ, ಕಮಾನು ಆಗುವುದು ಹೇಗೆ?

ಮರಳಿನ ಕಣಗಳಿಗೆ ಕಬ್ಬಿಣದ ಆಕ್ಸೈಡಿನ ತೆಳು ಲೇಪವಿದೆ, ಬಣ್ಣ ಅದರದ್ದು. ಕಮಾನಿನ ಮೂಲ ನೆಲದಡಿಯ ಉಪ್ಪು. ಸುಮಾರು 30 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರ ಆವಿಯಾಗಿ ದಪ್ಪನೆಯ ಉಪ್ಪಿನ ಹಾಸು ಬಿಟ್ಟುಹೋಯಿತು. ಮೇಲೆ ಬಿದ್ದ ಕಲ್ಲಿನ ಭಾರಕ್ಕೆ ಉಪ್ಪು ಜರುಗಿ ಉಬ್ಬಿತು, ಆಮೇಲೆ ನೀರಿಗೆ ಕರಗಿ ಕುಸಿಯಿತು. ಮೇಲಿನ ಮರಳುಗಲ್ಲು ಸಾಲು ಸಾಲಾಗಿ ಬಿರಿದು ಗೋಡೆಗಳಾಯಿತು. ತುಸು ಆಮ್ಲಗುಣದ ಮಳೆನೀರು ಕಣಗಳನ್ನು ಅಂಟಿಸಿದ ಸುಣ್ಣವನ್ನು ಕರಗಿಸಿತು, ಬಿರುಕಿನಲ್ಲಿ ಹೆಪ್ಪುಗಟ್ಟಿದ ನೀರು ಚಕ್ಕೆ ಎಬ್ಬಿಸಿತು, ಗೋಡೆಯಲ್ಲಿ ತೂತು ಬಿತ್ತು. ಈಗ ಆರ್ಚಸ್‌ನಲ್ಲಿ 2,000ಕ್ಕೂ ಹೆಚ್ಚು ಕಮಾನುಗಳಿವೆ. ಬೀಳುವುದೂ ನಡೆದೇ ಇದೆ: 306 ಅಡಿ ಅಗಲದ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಚಪ್ಪಡಿ ಕಳಚಿತು, 2008ರಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು. ಲ್ಯಾಂಡ್‌ಸ್ಕೇಪ್ ಕೆಳಗಿನ ದಾರಿ ಮುಚ್ಚಿರುವುದು ಅದಕ್ಕೇ.

ಸಸ್ಯಾಹಾರಕ್ಕೆ, ಉಳಿಯುವುದಕ್ಕೆ ಏನು ವ್ಯವಸ್ಥೆ?

ಮುಖ್ಯ ರಸ್ತೆಯ ಸಿಟಿ ಮಾರ್ಕೆಟ್‌ನಲ್ಲಿ ಅಕ್ಕಿ, ಮೊಸರು, ತರಕಾರಿ, ಬೀನ್ಸ್ ಸಿಗುತ್ತವೆ. ಅಡುಗೆಮನೆ ಇರುವ ಕೋಣೆ ಹಿಡಿದರೆ ಬೆಳಗಿನ ಚಿತ್ರಾನ್ನವೇ ಬೆಟ್ಟದ ಮೇಲಿನ ಬುತ್ತಿ. ಮೊಸರನ್ನವನ್ನು ಐಸ್ ಪೆಟ್ಟಿಗೆ ಇಲ್ಲದೆ ಒಯ್ಯಬೇಡಿ, ಮಧ್ಯಾಹ್ನಕ್ಕೆ ಹಳಸುತ್ತದೆ. ಸೀಸನ್‌ನಲ್ಲಿ ಕೋಣೆ ತಿಂಗಳುಗಳ ಮೊದಲೇ ಹಿಡಿಯಿರಿ. 128ನೇ ಹೆದ್ದಾರಿಯ ನದಿ ದಂಡೆಯಲ್ಲಿ ಮತ್ತು ಸ್ಯಾಂಡ್ ಫ್ಲ್ಯಾಟ್ಸ್‌ನಲ್ಲಿ ಡೇರೆ ಜಾಗಗಳು ಮೊದಲು ಬಂದವರಿಗೆ. ವಾರಾಂತ್ಯಕ್ಕಾದರೆ ಗುರುವಾರ ಬೆಳಿಗ್ಗೆಯೇ ಹೋಗಿ.

ಡ್ರೋನ್, ನಾಯಿ?

ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ನಿಷಿದ್ಧ. ನಾಯಿಗೆ ಪಾರ್ಕಿಂಗ್ ಮತ್ತು ರಸ್ತೆ ಅಷ್ಟೇ, ನಡಿಗೆಯ ದಾರಿಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟುಹೋಗಲೂ ಆಗದು, ಊರಿನ ಪಾಲನಾ ಕೇಂದ್ರದಲ್ಲಿ ಬಿಡಿ. ಬಂಡೆಯ ಮೇಲೆ ಹೆಸರು ಕೆತ್ತುವುದು ಅಪರಾಧ. ಹಳೆಯ ಚಿತ್ರಗಳನ್ನು ಮುಟ್ಟಲೂ ಬೇಡಿ, ಕೈಯ ಎಣ್ಣೆ ಅವುಗಳನ್ನು ಹಾಳುಮಾಡುತ್ತದೆ.

ಇದೇ ಪ್ರವಾಸದಲ್ಲಿ ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನಿಯನ್ ಸೇರಿಸಬಹುದೇ?

ಸೇರಿಸಬಹುದು. ಮಾನ್ಯುಮೆಂಟ್ ವ್ಯಾಲಿ ಸುಮಾರು 150 ಮೈಲಿ, ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚು 320 ಮೈಲಿ. ಗಡಿಯಾರದ ಬಗ್ಗೆ ಮಾತ್ರ ಎಚ್ಚರ. ಬೇಸಿಗೆಯಲ್ಲಿ ಯೂಟಾ ಮತ್ತು ನವಾಹೊ ನೇಷನ್ (ನವಾಹೊ ಮೂಲನಿವಾಸಿಗಳ ಸ್ವಾಯತ್ತ ಪ್ರದೇಶ) ಗಡಿಯಾರವನ್ನು ಒಂದು ತಾಸು ಮುಂದಿಡುತ್ತವೆ, ಉಳಿದ ಅರಿಜೋನ ಇಡುವುದಿಲ್ಲ. ಗಡಿಯ ಬಳಿ ಫೋನು ಯಾವ ಗೋಪುರ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಅರಿಜೋನದ ಪೇಜ್ ಊರಿನಲ್ಲಿ ಆಂಟಿಲೋಪ್ ಕ್ಯಾನಿಯನ್ ಪ್ರವಾಸ ಕಾಯ್ದಿರಿಸಿದ್ದರೆ, ಟಿಕೆಟಿನ ಗಂಟೆ ಯಾವ ಸಮಯದ್ದು ಎಂದು ಸಂಸ್ಥೆಯವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.